ಎರಡನೆಯ ಸಲ ಬಿದ್ದಾಗ

ಮನೆಮಂದಿಯೆಲ್ಲ ಕೂಡಿ ಓದಲು: ಮಾರ್ಕ 8:22-26



ಒಂದು ಸಂಜೆ ಜಪಸರ ಮುಗಿದು ಎಲ್ಲರೂ ಮನೆಗೆ ಹೊರಟ ಮೇಲೂ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ದೇವಾಲಯದಲ್ಲೇ ಕುಳಿತಿದ್ದರು. ಅವರ ಮಗ ಪಿಯುಸಿ ಓದುವ ಹುಡುಗ. ಫುಟ್‌ಬಾಲ್ ಎಂದರೆ ಅವನಿಗೆ ಪ್ರಾಣ. ವರ್ಷದ ಹಿಂದೆ ಆಟದಲ್ಲಿ ಮೊಣಕಾಲಿಗೆ ದೊಡ್ಡ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಮನೆಯವರೆಲ್ಲ ಸೇರಿ ನೊವೇನ ಮಾಡಿದರು. ಹುಡುಗ ಎದ್ದು ನಡೆದ. ಹೊತ್ತ ಹರಕೆಯನ್ನೂ ತೀರಿಸಿ ಬಂದರು. ಆದರೆ ಅವನು ಮತ್ತೆ ಮೈದಾನಕ್ಕಿಳಿದ ಕೆಲವೇ ದಿನಗಳಲ್ಲಿ ಅದೇ ಮೊಣಕಾಲು ಮತ್ತೆ ಕುಸಿಯಿತು.

ಆ ತಾಯಿ ನನ್ನನ್ನು ಕಂಡೊಡನೆ ಕೇಳಿದ್ದು ಇಷ್ಟು: “ಸ್ವಾಮಿ, ಮೊದಲನೇ ಸಲ ಬಿದ್ದಾಗ ನಾನು ಅಷ್ಟು ಅತ್ತಿರಲಿಲ್ಲ. ದೇವರಿದ್ದಾನೆ ಅಂದ್ಕೊಂಡೆ. ಆತ ಎತ್ತಿ ನಿಲ್ಲಿಸಿದ್ದನ್ನೂ ಕಣ್ಣಾರೆ ಕಂಡೆ. ಈಗ ಕೊಟ್ಟಿದ್ದನ್ನ ಮತ್ತೆ ಯಾಕೆ ಕಿತ್ಕೊಂಡ?”

ಗುರುಮಠದಲ್ಲಿ ವರ್ಷಗಟ್ಟಲೆ ಓದಿದ ತತ್ವಶಾಸ್ತ್ರವಾಗಲಿ ದೈವಶಾಸ್ತ್ರವಾಗಲಿ ಆ ಹೊತ್ತಿಗೆ ನನ್ನ ನೆರವಿಗೆ ಬರಲಿಲ್ಲ. ಸುಮ್ಮನೆ ಅವರ ಪಕ್ಕದ ಬೆಂಚಿನಲ್ಲಿ ಕುಳಿತೆ.

ಇದು ಆ ತಾಯಿಯೊಬ್ಬರ ಪ್ರಶ್ನೆಯಲ್ಲ. ಆರು ತಿಂಗಳು ಕುಡಿತ ಬಿಟ್ಟಿದ್ದ ಗಂಡ ಏಳನೆಯ ತಿಂಗಳು ಮತ್ತೆ ಕುಡಿದು ಬಂದಾಗ ಹೆಂಡತಿ ಕೇಳುವ ಪ್ರಶ್ನೆಯೂ ಇದೇ. ವಾಸಿಯಾಯಿತೆಂದುಕೊಂಡಿದ್ದ ಕಾಯಿಲೆ ಮರುಕಳಿಸಿದ ಮನೆಯ ಪ್ರಶ್ನೆಯೂ ಇದೇ. ಮನಃಪೂರ್ವಕವಾಗಿ ಪಾಪನಿವೇದನೆ ಮಾಡಿ, ತಿಂಗಳೊಳಗೆ ಅದೇ ಪಾಪಕ್ಕೆ ಮರಳಿದ ಯುವಕನ ಪ್ರಶ್ನೆಯೂ ಇದೇ. ಮೊದಲ ಸಲ ಬಿದ್ದಾಗ ಮೈಗೆ ನೋವಾಗುತ್ತದೆ. ಎರಡನೆಯ ಸಲ ಬಿದ್ದಾಗ ಭರವಸೆಗೇ ನೋವಾಗುತ್ತದೆ.

ಈ ವಾರ ಈ ಪ್ರಶ್ನೆಯನ್ನು ಒಬ್ಬ ಆಟಗಾರನ ಮೊಣಕಾಲನ್ನು ಮುಂದಿಟ್ಟುಕೊಂಡು ಯೋಚಿಸೋಣ. ಆ ಹುಡುಗನಿಗೂ ಅವನ ತಾಯಿಗೂ ನಾನು ಆಮೇಲೆ ಹೇಳಿದ ಕಥೆಯೂ ಇದೇ.

ಏಳು ನಿಮಿಷ

ಇಂದಿನ ಮಕ್ಕಳಿಗೆ ರೊನಾಲ್ಡೊ ಎಂದರೆ ಪೋರ್ಚುಗಲ್ ದೇಶದ ಕ್ರಿಸ್ಟಿಯಾನೊ ರೊನಾಲ್ಡೊ. ಅವನಿಗಿಂತ ಮೊದಲು ಇನ್ನೊಬ್ಬ ರೊನಾಲ್ಡೊ ಇದ್ದ. 1976ರಲ್ಲಿ ಹುಟ್ಟಿ, ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ಬೆಂಟೊ ರಿಬೇರೊ ಎಂಬ ಸಾಧಾರಣ ಬಡಾವಣೆಯಲ್ಲಿ ಬೆಳೆದ ಹುಡುಗ. ಇಪ್ಪತ್ತು, ಇಪ್ಪತ್ತೊಂದನೆಯ ವಯಸ್ಸಿಗೇ, 1996 ಮತ್ತು 1997ರಲ್ಲಿ, ಜಗತ್ತಿನ ಅತ್ಯುತ್ತಮ ಆಟಗಾರನೆಂಬ ಗೌರವ ಪಡೆದವನು. ಓಡುತ್ತ ಓಡುತ್ತಲೇ ದಿಕ್ಕು ಬದಲಿಸಿ, ಎದುರಾಳಿಗಳನ್ನು ಒಬ್ಬರ ಹಿಂದೊಬ್ಬರಂತೆ ದಾಟಿ ಹೋಗುವುದು ಅವನ ಆಟದ ಸೊಗಸು. ಅಂಥ ಆಟದ ಭಾರವನ್ನೆಲ್ಲ ಹೊರುತ್ತಿದ್ದದ್ದು ಅವನ ಮೊಣಕಾಲುಗಳು.

1999ರ ನವೆಂಬರ್ 21ರಂದು ಇಟಲಿಯ ಇಂಟರ್ ಮಿಲಾನ್ ತಂಡದ ಪರವಾಗಿ ಲೆಚ್ಚೆ ತಂಡದ ವಿರುದ್ಧ ಆಡುತ್ತಿದ್ದಾಗ ಅವನ ಬಲ ಮೊಣಕಾಲಿನ ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಹರಿಯಿತು. ಪ್ಯಾರಿಸ್‌ನಲ್ಲಿ ಜೆರಾರ್ ಸಯಾಂ ಎಂಬ ಹೆಸರಾಂತ ಶಸ್ತ್ರವೈದ್ಯರು ಚಿಕಿತ್ಸೆ ಮಾಡಿದರು. ಸುಮಾರು ಐದು ತಿಂಗಳು ಕಳೆಯಿತು. 2000ದ ಏಪ್ರಿಲ್ 12ರಂದು ರೋಮ್ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಲಾಟ್ಸಿಯೊ ತಂಡದೆದುರು ಇಟಾಲಿಯನ್ ಕಪ್‌ನ ಅಂತಿಮ ಸುತ್ತಿನ ಮೊದಲ ಪಂದ್ಯ. ದ್ವಿತೀಯಾರ್ಧದಲ್ಲಿ ರೊನಾಲ್ಡೊ ಬದಲಿ ಆಟಗಾರನಾಗಿ ಮೈದಾನಕ್ಕಿಳಿದ. ಅವನು ಮತ್ತೆ ಆಡುವುದನ್ನು ನೋಡಲು ಎಲ್ಲರೂ ಕಾದಿದ್ದರು.

ಆರೇಳು ನಿಮಿಷವಾಗಿರಬಹುದು. ಚೆಂಡನ್ನು ಮುನ್ನಡೆಸುತ್ತ, ಎದುರಿನವನನ್ನು ಏಮಾರಿಸಲು ಕಾಲನ್ನು ಚೆಂಡಿನ ಮೇಲೆ ಹಾಯಿಸಿದ. ಯಾರೂ ಅವನನ್ನು ತಳ್ಳಲಿಲ್ಲ, ಯಾರ ಕಾಲೂ ತಗಲಲಿಲ್ಲ. ಮೊಣಕಾಲು ತಾನಾಗಿ ಮಡಚಿಕೊಂಡಿತು. ಆತ ನೆಲಕ್ಕೆ ಬಿದ್ದು ಮೊಣಕಾಲು ಹಿಡಿದುಕೊಂಡು ಅಳುತ್ತ ಚೀರಿದ. ಈ ಬಾರಿ ಸ್ನಾಯುರಜ್ಜು ಪೂರ್ತಿಯಾಗಿ ತುಂಡಾಗಿತ್ತು. ಆಗ ಅವನಿಗಿನ್ನೂ 23 ವರ್ಷ.

ಐದು ತಿಂಗಳ ತಾಳ್ಮೆ, ಏಳು ನಿಮಿಷದ ಆಟ. ನಮ್ಮ ಆ ತಾಯಿಯ ಪ್ರಶ್ನೆ ಅಂದು ರೊನಾಲ್ಡೊನ ಮನೆಯಲ್ಲೂ ಹುಟ್ಟಿರಲಾರದೇ?

ಮೊಣಕಾಲಿನ ಒಳಗೆ

ಸೃಷ್ಟಿಕರ್ತನು ನಮ್ಮ ದೇಹವನ್ನು ಎಷ್ಟು ನಾಜೂಕಾಗಿ ಜೋಡಿಸಿದ್ದಾನೆ ಎಂಬುದಕ್ಕೆ ಮೊಣಕಾಲೊಂದೇ ಸಾಕು. ತೊಡೆಯ ಮುಂಭಾಗದ ದೊಡ್ಡ ಮಾಂಸಖಂಡಗಳು ಕೆಳಗೆ ಬಂದು ಮೊಣಕಾಲಿನ ಚಿಪ್ಪನ್ನು ಹಿಡಿದುಕೊಳ್ಳುತ್ತವೆ. ಚಿಪ್ಪಿನ ಕೆಳತುದಿಯಿಂದ ಹಗ್ಗದಂಥ ಗಟ್ಟಿ ನಾರೊಂದು ಹೊರಟು ಮೊಣಕಾಲ ಕೆಳಗಿನ ಮೂಳೆಗೆ ಅಂಟಿಕೊಳ್ಳುತ್ತದೆ. ಇದೇ ಆ ಸ್ನಾಯುರಜ್ಜು. ಬಾವಿಯ ಹಗ್ಗಕ್ಕೆ ರಾಟೆ ಹೇಗೋ ಈ ಎಳೆತಕ್ಕೆ ಚಿಪ್ಪು ಹಾಗೆ. ಮೆಟ್ಟಿಲು ಹತ್ತುವಾಗ, ಕುಳಿತಲ್ಲಿಂದ ಏಳುವಾಗ, ಜಿಗಿದು ನೆಲಕ್ಕಿಳಿಯುವಾಗ ಇಡೀ ದೇಹದ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಎಳೆತವನ್ನು ಈ ಗೇಣುದ್ದವೂ ಇಲ್ಲದ ಹಗ್ಗ ತಡೆದುಕೊಳ್ಳುತ್ತದೆ. ಅದು ತುಂಡಾದರೆ ತೊಡೆಯ ಮಾಂಸ ಚಿಪ್ಪನ್ನು ಮೇಲಕ್ಕೆ ಎಳೆದುಕೊಂಡುಬಿಡುತ್ತದೆ. ಆಮೇಲೆ ಕಾಲನ್ನು ನೀಡಿ ಎತ್ತಲೂ ಆಗುವುದಿಲ್ಲ.

ಶಸ್ತ್ರವೈದ್ಯರು ತುಂಡಾದ ತುದಿಗಳನ್ನು ಮತ್ತೆ ಹೊಲಿದು ಕೂಡಿಸುತ್ತಾರೆ. ಆದರೆ ಹೊಲಿಗೆ ಹಾಕುವುದು ಬೇರೆ, ಕೂಡಿಕೊಳ್ಳುವುದು ಬೇರೆ. ಈ ನಾರಿಗೆ ರಕ್ತದ ಹರಿವು ಕಡಿಮೆ. ಆದ್ದರಿಂದ ಅದು ವಾಸಿಯಾಗುವುದೂ ನಿಧಾನ. ಮೊದಲು ಹಲವು ವಾರ ಕಾಲನ್ನು ನೇರವಾಗಿಯೇ ಇಡಬೇಕು. ಅಷ್ಟರಲ್ಲಿ ಕೆಲಸವಿಲ್ಲದ ತೊಡೆ ಸೊರಗಿ ಸಣ್ಣದಾಗುತ್ತದೆ. ನಂತರ ದಿನಕ್ಕಿಷ್ಟು ಎಂದು ಅಳೆದು ಮಡಚುವುದನ್ನು ಕಲಿಯಬೇಕು. ಆಮೇಲೆ ನಿಲ್ಲುವುದು, ನಡೆಯುವುದು, ಮೆಟ್ಟಿಲು, ಓಟ. ಆಟಕ್ಕೆ ಮರಳಲು ಆರು ತಿಂಗಳಿಂದ ವರ್ಷವೂ ಹಿಡಿಯಬಹುದು. ರೊನಾಲ್ಡೊಗೆ ಅದಕ್ಕಿಂತಲೂ ಹೆಚ್ಚು ಹಿಡಿಯಿತು.

ವೈದ್ಯರು ಹೇಳುವ ಇನ್ನೊಂದು ಸಂಗತಿ ನಮ್ಮ ಪಾಠಕ್ಕೆ ಬಹಳ ಮುಖ್ಯ. ಗಾಯದ ಜಾಗದಲ್ಲಿ ಹೊಸದಾಗಿ ಹುಟ್ಟುವ ನಾರಿನ ಎಳೆಗಳು ಮೊದಮೊದಲು ದಿಕ್ಕಿಲ್ಲದೆ ಅಡ್ಡಾದಿಡ್ಡಿ ಬೆಳೆದಿರುತ್ತವೆ. ಅವುಗಳ ಮೇಲೆ ಹದವರಿತು ಭಾರ ಬೀಳುತ್ತ ಹೋದಂತೆ ಅವು ಎಳೆತದ ದಿಕ್ಕಿಗೆ ಸಾಲಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ. ಭಾರವನ್ನೇ ಹಾಕದಿದ್ದರೆ ಬಲ ಬರುವುದಿಲ್ಲ. ಕಾಲಕ್ಕೆ ಮೊದಲೇ ಹೆಚ್ಚು ಭಾರ ಹಾಕಿದರೆ ಹರಿಯುತ್ತದೆ. ಗುಣವಾಗುವುದೆಂದರೆ ಭಾರವಿಲ್ಲದೆ ಇರುವುದಲ್ಲ, ಹೊರುವಷ್ಟು ಭಾರವನ್ನು ದಿನದಿನವೂ ಹೊರುವುದು. ಕುಟುಂಬಕ್ಕೂ ಆತ್ಮಕ್ಕೂ ಈ ಮಾತು ಸಲ್ಲುತ್ತದೆ.

ಯಾರೂ ಚಪ್ಪಾಳೆ ತಟ್ಟದ ದಿನಗಳು

ಎರಡನೆಯ ಶಸ್ತ್ರಚಿಕಿತ್ಸೆಯ ನಂತರ ರೊನಾಲ್ಡೊ 2000-01ರ ಇಡೀ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಇನ್ನು ಅವನ ಆಟ ಮುಗಿಯಿತೆಂದು ಹೇಳಿದವರು ಅನೇಕರು. ನಿಲ್ಟನ್ ಪೆಟ್ರೋನೆ ಎಂಬ ಬ್ರೆಜಿಲ್‌ನ ಫಿಸಿಯೊಥೆರಪಿಸ್ಟ್ ಅವನ ಜೊತೆಗಿದ್ದು ವ್ಯಾಯಾಮ ಮಾಡಿಸಿದರು. ಲಕ್ಷಾಂತರ ಜನರೆದುರು ಓಡುತ್ತಿದ್ದವನು ಈಗ ಒಂದು ಕೋಣೆಯೊಳಗೆ ಮೊಣಕಾಲನ್ನು ಮಡಚುವುದನ್ನು ಮೊದಲಿನಿಂದ ಕಲಿಯಬೇಕಾಗಿತ್ತು. ಅಲ್ಲಿ ಗೋಲಿಲ್ಲ, ಚಪ್ಪಾಳೆಯಿಲ್ಲ. ನಿನ್ನೆಗಿಂತ ಇಂದು ಒಂದಿಷ್ಟು ಹೆಚ್ಚು ಮಡಚಿತೆಂಬುದೇ ಗೆಲುವು.

2001ರ ಸೆಪ್ಟೆಂಬರ್‌ನಲ್ಲಿ ಮತ್ತೆ ಇಂಟರ್ ಪರ ಆಡತೊಡಗಿದ. ಅದೂ ಸುಗಮವಾಗಿರಲಿಲ್ಲ. ಮೊಣಕಾಲು ತಡೆದುಕೊಂಡರೂ ಮಾಂಸಖಂಡಗಳ ನೋವು ಪದೇ ಪದೇ ಕಾಡಿತು. 2002ರ ಮೇ 5ರಂದು ಋತುವಿನ ಕೊನೆಯ ಪಂದ್ಯ. ಅದೇ ರೋಮ್ ನಗರ, ಅದೇ ಕ್ರೀಡಾಂಗಣ, ಅದೇ ಲಾಟ್ಸಿಯೊ ತಂಡ. ಇಂಟರ್ 4-2ರಿಂದ ಸೋತು, ಕೈಗೆ ಬಂದಿದ್ದ ಇಟಲಿಯ ಪ್ರಶಸ್ತಿಯನ್ನು ಕಳೆದುಕೊಂಡಿತು. ರೊನಾಲ್ಡೊ ಬದಲಿ ಆಟಗಾರರ ಬೆಂಚಿನಲ್ಲಿ ಕುಳಿತು ಮುಖ ಮುಚ್ಚಿಕೊಂಡು ಅತ್ತ.

ಧೈರ್ಯದ ಮುಖ್ಯ ಕೆಲಸ

ಧರ್ಮಸಭೆ ನಮಗೆ ಕಲಿಸುವ ನಾಲ್ಕು ಮೂಲ ಸದ್ಗುಣಗಳಲ್ಲಿ ಧೈರ್ಯವೂ ಒಂದು. ಧೈರ್ಯವೆಂದೊಡನೆ ಮುನ್ನುಗ್ಗುವುದೇ ನಮ್ಮ ಕಣ್ಣಿಗೆ ಕಟ್ಟುತ್ತದೆ. ಆದರೆ 13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ದೊಡ್ಡ ದೈವಶಾಸ್ತ್ರ ಗ್ರಂಥದಲ್ಲಿ ಈ ಸದ್ಗುಣವನ್ನು ವಿಚಾರ ಮಾಡುವಾಗ, ಧೈರ್ಯದ ಮುಖ್ಯ ಕೆಲಸ ನುಗ್ಗುವುದಲ್ಲ, ತಾಳಿಕೊಳ್ಳುವುದು ಎನ್ನುತ್ತಾರೆ. ಅದಕ್ಕೆ ಅವರು ಕೊಡುವ ಕಾರಣಗಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು.

1. ಮೇಲೆ ಬೀಳುವವನು ತಾನೇ ಬಲಶಾಲಿ ಎಂದುಕೊಂಡಿರುತ್ತಾನೆ. ತಾಳಿಕೊಳ್ಳುವವನ ಮೇಲೆ ಬಿದ್ದಿರುವುದು ತನಗಿಂತ ಬಲವಾದದ್ದು.

2. ನುಗ್ಗುವವನಿಗೆ ಅಪಾಯ ಇನ್ನೂ ಮುಂದಿರುತ್ತದೆ. ತಾಳಿಕೊಳ್ಳುವವನಿಗೆ ಅದು ಈಗಲೇ ಮೈಮೇಲಿದೆ.

3. ನುಗ್ಗುವುದು ಒಂದು ಕ್ಷಣದ ಕೆಲಸವಾಗಿರಬಹುದು. ತಾಳಿಕೊಳ್ಳುವುದಕ್ಕೆ ದೀರ್ಘ ಕಾಲ ಬೇಕು.

ತಾಳುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೇ? ಅಲ್ಲವೆಂದು ಅವರೇ ಎಚ್ಚರಿಸುತ್ತಾರೆ. ದೇಹ ನೋವನ್ನು ಅನುಭವಿಸುತ್ತಿದ್ದರೂ ಆತ್ಮ ಸುಮ್ಮನಿರುವುದಿಲ್ಲ. ಅದು ಒಳಿತನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ‘ತಾಳಿದವನು ಬಾಳಿಯಾನು’ ಎಂಬ ನಮ್ಮ ಹಿರಿಯರ ಗಾದೆಯಲ್ಲಿ ಇರುವುದೂ ಇಂಥ ತಾಳ್ಮೆಯೇ. ಹಾಸಿಗೆ ಹಿಡಿದ ಅತ್ತೆಯನ್ನು ಹತ್ತು ವರ್ಷ ನೋಡಿಕೊಂಡ ಸೊಸೆಯರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಸಂತ ತೋಮಸರ ಲೆಕ್ಕದಲ್ಲಿ ಅವರು ಯಾವ ಸೈನಿಕನಿಗೂ ಕಡಿಮೆಯವರಲ್ಲ.

ಎರಡು ಹಂತದ ಗುಣ

ಈಗ ಶುಭಸಂದೇಶಕ್ಕೆ ಬರೋಣ. ಬೆತ್ಸಾಯಿದ ಎಂಬ ಊರಿನಲ್ಲಿ ಒಬ್ಬ ಕುರುಡನನ್ನು ಯೇಸುಸ್ವಾಮಿಯ ಬಳಿಗೆ ಕರೆತಂದರು. ಸ್ವಾಮಿ ಅವನ ಕೈಹಿಡಿದು ಊರ ಹೊರಗೆ ಕರೆದುಕೊಂಡು ಹೋದರು. ಅವನ ಕಣ್ಣುಗಳಿಗೆ ಉಗುಳು ಹಚ್ಚಿ, ಅವನ ಮೇಲೆ ಕೈಯಿಟ್ಟು, ಏನಾದರೂ ಕಾಣುತ್ತಿದೆಯೇ ಎಂದು ಕೇಳಿದರು. ಜನ ಕಾಣುತ್ತಾರೆ, ಆದರೆ ನಡೆದಾಡುವ ಮರಗಳಂತೆ ಕಾಣುತ್ತಾರೆ ಎಂದು ಅವನು ಹೇಳಿದ. ಸ್ವಾಮಿ ಮತ್ತೊಮ್ಮೆ ಕಣ್ಣುಗಳ ಮೇಲೆ ಕೈಯಿಟ್ಟರು. ಆಗ ಅವನಿಗೆ ಎಲ್ಲವೂ ನಿಚ್ಚಳವಾಗಿ ಕಂಡಿತು.

ನಾಲ್ಕು ಶುಭಸಂದೇಶಗಳಲ್ಲಿ ಹೀಗೆ ಎರಡು ಹಂತಗಳಲ್ಲಿ ನಡೆದ ಗುಣ ಇದೊಂದೇ. ಒಂದೇ ಮಾತಿನಿಂದ ಬಿರುಗಾಳಿಯನ್ನು ನಿಲ್ಲಿಸಿದವರಿಗೆ ಒಂದೇ ಸ್ಪರ್ಶದಿಂದ ಈ ಕಣ್ಣುಗಳನ್ನು ತೆರೆಯುವ ಶಕ್ತಿ ಇರಲಿಲ್ಲವೇ? ಇತ್ತು. ಆದರೂ ಸಂತ ಮಾರ್ಕರು ಇದನ್ನು ಮರೆಮಾಚದೆ ಬರೆದಿಟ್ಟಿದ್ದಾರೆ. ಇದರ ಬೆನ್ನಿಗೇ ಪೇತ್ರ ಯೇಸುವನ್ನು ಕ್ರಿಸ್ತನೆಂದು ಸಾರುವ ಪ್ರಸಂಗ ಬರುತ್ತದೆ. ಆದರೆ ಅದೇ ಪೇತ್ರ ಶಿಲುಬೆಯ ಮಾತು ಬಂದ ಕೂಡಲೇ ಅಡ್ಡಿ ಮಾಡುತ್ತಾನೆ. ಅವನಿಗೂ ಅರ್ಧ ಮಾತ್ರ ಕಂಡಿತ್ತು. ಅವನಿಗೂ ಎರಡನೆಯ ಸ್ಪರ್ಶ ಬೇಕಾಗಿತ್ತು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಿ. ಮೊದಲನೆಯದು, ಆ ಕುರುಡ ಸುಳ್ಳು ಹೇಳಲಿಲ್ಲ. ಗುರುವಿನ ಮನಸ್ಸಿಗೆ ಬೇಸರವಾದೀತೆಂದು ಎಲ್ಲ ಸರಿಹೋಯಿತು ಎನ್ನಲಿಲ್ಲ. ಮಸುಕಾಗಿದೆ ಎಂದ. ಸ್ವಾಮಿಯೂ ಅವನ ವಿಶ್ವಾಸ ಸಾಲದೆಂದು ಗದರಿಸಲಿಲ್ಲ. ಎರಡನೆಯದು, ಎರಡು ಸ್ಪರ್ಶಗಳ ನಡುವೆ ಅವನ ಕಣ್ಣು ಮಸುಕಾಗಿದ್ದಾಗಲೂ ಸ್ವಾಮಿ ಅವನ ಎದುರಿಗೇ ನಿಂತಿದ್ದರು.

ನಮ್ಮ ಆ ತಾಯಿಗೆ ನಾನು ಹೇಳಿದ್ದು ಇದನ್ನೇ. ದೇವರು ಕೊಟ್ಟದ್ದನ್ನು ಕಿತ್ತುಕೊಳ್ಳಲಿಲ್ಲ, ತಾಯಿ. ಮೊದಲ ಸ್ಪರ್ಶ ಸುಳ್ಳಲ್ಲ, ನಿಮ್ಮ ಹರಕೆಯೂ ವ್ಯರ್ಥವಲ್ಲ. ಆದರೆ ಮೊದಲ ಸ್ಪರ್ಶವೇ ಕೊನೆಯ ಸ್ಪರ್ಶವೂ ಅಲ್ಲ. ಈಗ ನೀವು ಎರಡರ ನಡುವೆ ಇದ್ದೀರಿ.

ಇನ್ನೊಂದು ಮಾತನ್ನೂ ಸೇರಿಸಬೇಕು. ಪ್ರಾರ್ಥನೆ ಮಾಡಿದೆವೆಂದು ವೈದ್ಯರ ಮಾತನ್ನು ಮೀರಿ ಬೇಗನೆ ಮೈದಾನಕ್ಕಿಳಿಯುವುದು ವಿಶ್ವಾಸವಲ್ಲ. ಅದು ದೇವರನ್ನು ಪರೀಕ್ಷಿಸಿದಂತೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ರೋಗಿಗೆ ಪ್ರಾರ್ಥಿಸಲೂ ಹೇಳುತ್ತದೆ, ವೈದ್ಯನಿಗೆ ಅವನ ಸ್ಥಾನವನ್ನು ಕೊಡಲೂ ಹೇಳುತ್ತದೆ, ಏಕೆಂದರೆ ವೈದ್ಯನನ್ನೂ ಔಷಧಿಯನ್ನೂ ಉಂಟುಮಾಡಿದವನು ದೇವರೇ. ಕೃಪೆ ಪ್ರಕೃತಿಯನ್ನು ಅಳಿಸಿಹಾಕುವುದಿಲ್ಲ, ಅದನ್ನು ಪರಿಪೂರ್ಣಗೊಳಿಸುತ್ತದೆ ಎಂಬುದು ಸಂತ ತೋಮಸರ ಬೋಧನೆ. ಸ್ನಾಯುರಜ್ಜು ಕೂಡಿಕೊಳ್ಳಲು ಬೇಕಾದ ತಿಂಗಳುಗಳೂ ದೇವರ ಕೃಪೆಯೊಳಗೇ ಸೇರಿವೆ.

ಯೊಕೊಹಾಮಾದ ಸಂಜೆ

2002ರಲ್ಲಿ ನಾನು ಗುರುಮಠದಲ್ಲಿ ತತ್ವಶಾಸ್ತ್ರದ ವಿದ್ಯಾರ್ಥಿ. ಜೂನ್ 30, ಭಾನುವಾರ. ಜಪಾನಿನ ಯೊಕೊಹಾಮಾದಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕೂವರೆ. ಇದ್ದ ಒಂದೇ ಟಿ.ವಿ.ಯ ಮುಂದೆ ಎಲ್ಲರೂ ಕುಳಿತಿದ್ದೆವು. ವರ್ಷಗಟ್ಟಲೆ ದೇಶಕ್ಕಾಗಿ ಆಡಿರದ ರೊನಾಲ್ಡೊನನ್ನು ಆ ಮಾರ್ಚ್ ತಿಂಗಳಲ್ಲಷ್ಟೇ ಬ್ರೆಜಿಲ್ ತಂಡಕ್ಕೆ ಮರಳಿ ಕರೆದಿದ್ದರು. ತರಬೇತುದಾರ ಲೂಯಿಸ್ ಫೆಲಿಪ್ ಸ್ಕೊಲಾರಿ ಅವನನ್ನು ನಂಬಿ ಕರೆದೊಯ್ದಿದ್ದರು. ಸೆಮಿಫೈನಲ್‌ನಲ್ಲಿ ಟರ್ಕಿಯ ವಿರುದ್ಧ ಪಂದ್ಯದ ಏಕೈಕ ಗೋಲು ಅವನದೇ.

ಅಂತಿಮ ಪಂದ್ಯದಲ್ಲಿ ಎದುರಿಗಿದ್ದದ್ದು ಜರ್ಮನಿ, ಅದರ ಗೋಲಿನಲ್ಲಿ ಆ ಪಂದ್ಯಾವಳಿಯುದ್ದಕ್ಕೂ ಗೋಡೆಯಂತೆ ನಿಂತಿದ್ದ ಓಲಿವರ್ ಕಾನ್. 67ನೆಯ ನಿಮಿಷ. ರಿವಾಲ್ಡೊ ಒದ್ದ ಚೆಂಡು ಕಾನ್ ಅವರ ಕೈಯಿಂದ ಜಾರಿತು. ಆ ಚೆಂಡಿನ ಮೇಲೆ ಮೊದಲು ಎರಗಿದವನು ರೊನಾಲ್ಡೊ. 79ನೆಯ ನಿಮಿಷದಲ್ಲಿ ಇನ್ನೊಂದು ಗೋಲು. 2-0. ಒಟ್ಟು ಎಂಟು ಗೋಲು ಹೊಡೆದು ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಮುಂದಿದ್ದ. ರೋಮ್‌ನ ಬೆಂಚಿನಲ್ಲಿ ಅತ್ತು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಸುಖವಾಗಿರುತ್ತದೆ. ಆದರೆ ಹಾಗೆ ನಿಲ್ಲಿಸಿದರೆ ಅದು ಪೂರ್ತಿ ಸತ್ಯವಲ್ಲ. ತಾಳಿದವರಿಗೆಲ್ಲ ವಿಶ್ವಕಪ್ ಸಿಗುತ್ತದೆ ಎಂದು ನಾನು ಬರೆದರೆ, ಎಷ್ಟು ತಾಳಿದರೂ ಮತ್ತೆ ಆಡಲಾರದೆ ಹೋದ ನೂರಾರು ಆಟಗಾರರಿಗೆ, ಮತ್ತೆ ನಡೆಯಲಾರದೆ ಹೋದ ನಮ್ಮ ಅಪ್ಪ ಅಮ್ಮಂದಿರಿಗೆ ಏನು ಉತ್ತರ?

2008ರ ಫೆಬ್ರವರಿ 13ರಂದು, ಎ.ಸಿ. ಮಿಲಾನ್ ಪರವಾಗಿ ಲಿವೊರ್ನೊ ತಂಡದೆದುರು ಆಡುವಾಗ, ರೊನಾಲ್ಡೊನ ಎಡ ಮೊಣಕಾಲಿನ ಸ್ನಾಯುರಜ್ಜು ಹರಿಯಿತು. ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ಮೊದಲಿನಿಂದ ನಡೆಯುವುದು. 2009ರಲ್ಲಿ ಸ್ವದೇಶದ ಕೊರಿಂಥಿಯನ್ಸ್ ತಂಡದ ಪರ ಆಡಿ ಬ್ರೆಜಿಲ್ ಕಪ್ ಗೆದ್ದ. 2011ರ ಫೆಬ್ರವರಿಯಲ್ಲಿ, ಇನ್ನು ದೇಹ ಒಪ್ಪುತ್ತಿಲ್ಲವೆಂದು ಕಣ್ಣೀರಿಡುತ್ತ ಆಟಕ್ಕೆ ವಿದಾಯ ಹೇಳಿದ. ಲಾಜರನನ್ನು ಸಮಾಧಿಯಿಂದ ಎಬ್ಬಿಸಿದ್ದು ಸ್ವಾಮಿಯೇ. ಆದರೂ ಲಾಜರ ಮುಂದೊಂದು ದಿನ ಮತ್ತೆ ಸಾಯಲೇಬೇಕಿತ್ತು. ಈ ಲೋಕದ ಗುಣಗಳೆಲ್ಲ ಬರಲಿರುವ ಪುನರುತ್ಥಾನದ ಗುರುತುಗಳೇ ಹೊರತು ಪುನರುತ್ಥಾನವಲ್ಲ.

ಇನ್ನೊಂದು ಸಂಗತಿ. 2023ರ ಸೆಪ್ಟೆಂಬರ್‌ನಲ್ಲಿ, 46ನೆಯ ವಯಸ್ಸಿನಲ್ಲಿ, ರೊನಾಲ್ಡೊ ಸಾವೊ ಪೌಲೊ ನಗರದ ಸಂತ ಜೋಸೆಫರ ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆದ. ಅವನನ್ನು ಸಂತನೆಂದು ನಿಮ್ಮ ಮುಂದೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಗಾಯಗಳೇ ಅವನನ್ನು ಆ ನೀರಿನ ಬಳಿಗೆ ತಂದವೆಂದು ಹೇಳುವ ಅಧಿಕಾರವೂ ನನಗಿಲ್ಲ. ಆದರೆ ಜಗತ್ತೆಲ್ಲ ಚಪ್ಪಾಳೆ ತಟ್ಟಿದ ಮನುಷ್ಯ, ಆಟವೆಲ್ಲ ಮುಗಿದ ಮೇಲೆ, ಮಗುವಿನಂತೆ ತಲೆ ಬಾಗಿಸಿ ನೀರು ಹೊಯ್ಯಿಸಿಕೊಂಡದ್ದನ್ನು ನೆನೆದಾಗ ನನ್ನ ಮನಸ್ಸು ತುಂಬುತ್ತದೆ. ದೇವರ ಸ್ಪರ್ಶಕ್ಕೆ ತಡವಾಯಿತೆಂಬುದಿಲ್ಲ.

ಇನ್ನಾಸಪ್ಪನವರ ಕಾಲು

ನಮ್ಮ ಹಳ್ಳಿಗಳಲ್ಲಿ ಇನ್ನಾಸಪ್ಪ ಎಂದು ಹೆಸರಿಡುತ್ತೇವಲ್ಲ, ಆ ಲೊಯೋಲಾದ ಸಂತ ಇಗ್ನಾಸಿಯವರ ಕಥೆಯೂ ಕಾಲಿನದೇ. 1521ರ ಮೇ 20ರಂದು ಸ್ಪೇನ್ ದೇಶದ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ಬಡಿದು ಅವರ ಬಲಗಾಲು ಮುರಿಯಿತು. ಮೂಳೆ ಸರಿಯಾಗಿ ಕೂಡಲಿಲ್ಲವೆಂದು ಮತ್ತೆ ಮುರಿದು ಕೂಡಿಸಿದರು. ಆಮೇಲೆ ಮೊಣಕಾಲ ಕೆಳಗೆ ಮೂಳೆಯೊಂದು ಉಬ್ಬಿ ನಿಂತಿತು. ಅದರಿಂದ ಅಂದದ ಬೂಟು ಹಾಕಿಕೊಳ್ಳಲಾಗದೆಂದು, ನೋವು ತಿಳಿಯದಂತೆ ಮಾಡುವ ಮದ್ದಿಲ್ಲದ ಆ ಕಾಲದಲ್ಲಿ, ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಅಷ್ಟು ಹಟ, ಅಷ್ಟು ಒಣಜಂಬ!

ಹಾಸಿಗೆಯಲ್ಲಿ ಹೊತ್ತು ಹೋಗದೆ ವೀರರ ಕಥೆಗಳನ್ನು ಕೇಳಿದರು. ಆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಜೀವನಚರಿತ್ರೆ ಮತ್ತು ಸಂತರ ಕಥೆಗಳು. ಬೇರೇನೂ ಇಲ್ಲದ್ದರಿಂದ ಅವನ್ನೇ ಓದಿದರು. ಕಾಲಿಗಾಗಿ ಕಾಯುತ್ತಿದ್ದಾಗ ಮನಸ್ಸು ಗುಣವಾಗತೊಡಗಿತು. ಕಾಲು ಮಾತ್ರ ಪೂರ್ತಿ ಸರಿಹೋಗಲಿಲ್ಲ. ಜೀವನಪೂರ್ತಿ ಕುಂಟುತ್ತಲೇ ನಡೆದರು. ಆ ಕುಂಟುಗಾಲಿನಲ್ಲೇ ಜೆರುಸಲೇಮಿಗೂ ಹೋಗಿ ಬಂದರು, ಯೇಸುಸಭೆಯನ್ನೂ ಕಟ್ಟಿದರು.

ರೊನಾಲ್ಡೊನ ಕಾಲು ಮತ್ತೆ ಓಡಿತು. ಇಗ್ನಾಸಿಯವರ ಕಾಲು ನೇರವಾಗಲಿಲ್ಲ. ನಮ್ಮ ಮನೆಯ ರೋಗಿಗೆ ಇವೆರಡರಲ್ಲಿ ಯಾವುದು ಆಗುವುದೋ ನಾವು ಹೇಳಲಾರೆವು. ಕಾಯುವ ಕಾಲವನ್ನು ವ್ಯರ್ಥ ಮಾಡಿಕೊಳ್ಳದಿರುವುದಷ್ಟೇ ನಮ್ಮ ಕೈಯಲ್ಲಿರುವುದು.

ಮನೆಯವರಿಗೆ ನಾಲ್ಕು ಮಾತು

ಶಿಲುಬೆಯ ಹಾದಿಯಲ್ಲಿ ಸ್ವಾಮಿ ಮೂರು ಸಲ ಬೀಳುವುದನ್ನು ನಾವು ಧ್ಯಾನಿಸುತ್ತೇವೆ. ಇದು ಶುಭಸಂದೇಶದಲ್ಲಿ ಬರೆದಿರುವುದಲ್ಲ, ಭಕ್ತರ ಪರಂಪರೆ ನಮಗೆ ಕೊಟ್ಟದ್ದು. ಮೊದಲ ಬಾರಿ ಬೀಳುವುದು ಮೂರನೆಯ ಸ್ಥಳದಲ್ಲಿ, ಎರಡನೆಯ ಬಾರಿ ಏಳನೆಯ ಸ್ಥಳದಲ್ಲಿ. ಇವೆರಡರ ನಡುವೆ ಯಾರು ಯಾರು ಬರುತ್ತಾರೆ? ತಾಯಿ ಮರಿಯಮ್ಮನವರು, ಸಿರೇನ್ಯದ ಸೀಮೋನ, ವೆರೋನಿಕಾ. ತಾಯಿ ಕಂಡರು, ಸೀಮೋನ ಹೆಗಲು ಕೊಟ್ಟ, ವೆರೋನಿಕಾ ಮುಖ ಒರೆಸಿದಳು. ಆದರೂ ಸ್ವಾಮಿ ಮತ್ತೆ ಬಿದ್ದರು. ಹಾಗೆಂದು ಅವರ ನೆರವು ಸೋತಿತೆಂದು ಯಾರಾದರೂ ಹೇಳುತ್ತಾರೆಯೇ? ನಿಮ್ಮ ಆರೈಕೆಯ ನಡುವೆಯೂ ನಿಮ್ಮವರು ಮತ್ತೆ ಬಿದ್ದರೆ, ಅದು ನಿಮ್ಮ ಆರೈಕೆಯ ಸೋಲಲ್ಲ.

ಮೊದಲನೆಯದಾಗಿ, “ಆವತ್ತೇ ಹೇಳಿದ್ದೆ” ಎಂಬ ಮಾತನ್ನು ಮನೆಯಿಂದ ಹೊರಗಿಡಿ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಕೇಳಿದ್ದು ತಪ್ಪು ಯಾರದೆಂದು. ಸ್ವಾಮಿ ಆ ಲೆಕ್ಕಕ್ಕೇ ಹೋಗಲಿಲ್ಲ. ಬಿದ್ದವನಿಗೆ ಆಳಿಗೊಂದು ಕಲ್ಲು ಬೇಡ, ಒಂದು ಕೈ ಬೇಕು.

ಎರಡನೆಯದಾಗಿ, ಅವಸರ ಮಾಡಬೇಡಿ. “ಇನ್ನೂ ಸರಿಹೋಗಲಿಲ್ಲವೇ?” ಎಂದು ಬಂದವರೆಲ್ಲ ಕೇಳಿದರೆ ರೋಗಿಗೆ ಅದೇ ಇನ್ನೊಂದು ಗಾಯ. ಅವನು ಮಸುಕಾಗಿದೆ ಎಂದರೆ ಮಸುಕಾಗಿದೆ ಎಂದೇ ಒಪ್ಪಿಕೊಳ್ಳಿ.

ಮೂರನೆಯದಾಗಿ, ಎಲ್ಲ ಭಾರವನ್ನೂ ನೀವೇ ಹೊರಬೇಡಿ. ತಾನೇ ಎದ್ದು ನೀರು ಕುಡಿಯಬಲ್ಲವನಿಗೆ ಲೋಟ ತಂದುಕೊಡುವುದು ಯಾವಾಗಲೂ ಪ್ರೀತಿಯಲ್ಲ. ಹದವಾದ ಭಾರವೇ ನಾರನ್ನು ಗಟ್ಟಿ ಮಾಡುತ್ತದೆ.

ನಾಲ್ಕನೆಯದಾಗಿ, ಆರೈಕೆ ಮಾಡುವವರ ಆರೈಕೆ ಮಾಡಿ. ಪಾರ್ಶ್ವವಾಯು ರೋಗಿಯನ್ನು ಹೊತ್ತು ಸ್ವಾಮಿಯ ಬಳಿಗೆ ತಂದವರು ನಾಲ್ವರು, ಒಬ್ಬರಲ್ಲ. ಮನೆಯ ತಾಯಿಯೊಬ್ಬಳೇ ನಾಲ್ಕು ಮೂಲೆಯನ್ನೂ ಹಿಡಿದಿದ್ದರೆ, ಅಣ್ಣ ತಮ್ಮಂದಿರೇ, ಅಕ್ಕಪಕ್ಕದವರೇ, ಬಂದು ಒಂದು ಮೂಲೆಯನ್ನು ಹಿಡಿಯಿರಿ.

ಕೊನೆಯದಾಗಿ

ಆ ಹುಡುಗ ಈಗ ಭಾನುವಾರದ ಬಲಿಪೂಜೆಗೆ ಬರುತ್ತಾನೆ. ಎಲ್ಲರೂ ಮೊಣಕಾಲೂರುವ ಹೊತ್ತಿನಲ್ಲಿ ಅವನು ಕಾಲು ನೀಡಿಕೊಂಡು ಬೆಂಚಿನಲ್ಲೇ ಕುಳಿತಿರುತ್ತಾನೆ. ಮೊದಮೊದಲು ಅವನಿಗೆ ಅದು ನಾಚಿಕೆಯಾಗಿತ್ತು. ಎಲ್ಲರಿಗಿಂತ ಹಿಂದಿನ ಬೆಂಚು ಹುಡುಕುತ್ತಿದ್ದ. “ಮಗೂ, ಮೊಣಕಾಲೂರುವುದು ನಾನು ಚಿಕ್ಕವನು, ದೇವರು ದೊಡ್ಡವನು ಎಂದು ಹೇಳುವುದಕ್ಕೆ. ನಿನ್ನ ಕಾಲು ಅದನ್ನು ಈಗಾಗಲೇ ಹೇಳುತ್ತಿದೆ. ಮುಂದೆ ಬಂದು ಕುಳಿತುಕೋ” ಎಂದೆ. ಮುಂದಿನ ಭಾನುವಾರ ಮುಂದೆ ಬಂದು ಕುಳಿತ. ಅವನು ಮತ್ತೆ ಫುಟ್‌ಬಾಲ್ ಆಡುತ್ತಾನೋ ಇಲ್ಲವೋ ನನಗೆ ತಿಳಿಯದು. ದಿನಕ್ಕೆರಡು ಹೊತ್ತು ವ್ಯಾಯಾಮ ಮಾಡುತ್ತಿದ್ದಾನೆಂದು ಅವನ ತಾಯಿ ಹೇಳುತ್ತಾರೆ. ಅವರೂ ಈಗ ಜಪಸರ ಮುಗಿದೊಡನೆ ಎಲ್ಲರ ಜೊತೆ ಮನೆಗೆ ಹೋಗುತ್ತಾರೆ.

ಹಿಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ, ಸೋತ ಕೈಗಳನ್ನೂ ಕುಸಿದ ಮೊಣಕಾಲುಗಳನ್ನೂ ಮತ್ತೆ ಬಲಪಡಿಸಿಕೊಳ್ಳಿರಿ, ಕುಂಟುವ ಕಾಲು ಉಳುಕದೆ ಗುಣವಾಗುವಂತೆ ದಾರಿಯನ್ನು ನೇರಮಾಡಿರಿ ಎಂಬ ಅರ್ಥದ ಬುದ್ಧಿಮಾತಿದೆ. ದಾರಿಯನ್ನು ನೇರಮಾಡುವ ಕೆಲಸ ಮನೆಯವರಾದ ನಮ್ಮದೂ ಹೌದು.

ಕುಟುಂಬದಲ್ಲಿ ಕೂಡಿ ಚಿಂತಿಸಲು

1. ನಮ್ಮ ಮನೆಯಲ್ಲಿ ಎರಡನೆಯ ಸಲ ಬಿದ್ದವರು ಯಾರಾದರೂ ಇದ್ದಾರೆಯೇ? ಆಗ ನಾವು ಆಡಿದ ಮೊದಲ ಮಾತು ಯಾವುದು?

2. ಬೆತ್ಸಾಯಿದದ ಕುರುಡನಂತೆ, ನನಗಿನ್ನೂ ಸ್ಪಷ್ಟವಾಗಿ ಕಾಣುತ್ತಿಲ್ಲ ಎಂದು ದೇವರ ಮುಂದೆ ಒಪ್ಪಿಕೊಳ್ಳಬೇಕಾದ ವಿಷಯ ನನ್ನಲ್ಲಿ ಯಾವುದಿದೆ?

3. ನಮ್ಮ ನೆರೆಯಲ್ಲಿ ರೋಗಿಯನ್ನು ಒಂಟಿಯಾಗಿ ನೋಡಿಕೊಳ್ಳುತ್ತಿರುವವರಿಗೆ ಈ ವಾರ ನಾವು ಯಾವ ಒಂದು ಮೂಲೆಯನ್ನು ಹಿಡಿಯಬಲ್ಲೆವು?

ಪ್ರಾರ್ಥನೆ

ಪ್ರಭುವೇ, ಶಿಲುಬೆಯ ಕೆಳಗೆ ನೀವೂ ಬಿದ್ದಿರಿ, ಮತ್ತೆ ಎದ್ದಿರಿ. ಮತ್ತೆ ಬಿದ್ದವರ ಮನೆಗಳನ್ನು ಕಟಾಕ್ಷಿಸಿರಿ. ನಿಮ್ಮ ಎರಡನೆಯ ಸ್ಪರ್ಶ ಬರುವವರೆಗೆ ಮಸುಕಿನಲ್ಲೂ ನಿಮ್ಮ ಕೈಬಿಡದಂತೆ ನಮ್ಮನ್ನು ಕಾಯಿರಿ. ಆಮೆನ್.